ಅನಿಲದ ಹಾದಿ, ಸುಂಕದ ನ್ಯಾಯ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಿರಿಯರ ಅನುಭವ. ಆದರೆ ಜನರ ಸುಖದುಃಖಗಳನ್ನು ವಿಚಾರಿಸದೆ ಗೊತ್ತುಮಾಡಲಾಗದ ಸುಂಕವೂ ಒಂದುಂಟು. ನೈಸರ್ಗಿಕ ಅನಿಲವನ್ನು ನೂರಾರು ಮೈಲಿ ಸಾಗಿಸುವ ಕೊಳವೆಮಾರ್ಗದ ಸುಂಕ ಅಂಥದು. ಅಮೆರಿಕದಲ್ಲಿ ಅದು ಬೆಳೆದುಬಂದ ಬಗೆಯನ್ನು ನೋಡಿದಾಗ, ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಲೆಕ್ಕದ ಪುಸ್ತಕದೊಳಗೂ ಒಂದು ಧರ್ಮಜಿಜ್ಞಾಸೆ ಕಾಣುತ್ತದೆ.

ಒಂದೇ ಊರಿಗೆ ಎರಡು ಕೊಳವೆಮಾರ್ಗಗಳನ್ನು ಹಾಕುವುದು ದುಂದು. ಒಂದೇ ಇದ್ದರೆ ಅದರ ಒಡೆಯ ಹೇಳಿದ್ದೇ ಬೆಲೆ. ಆದುದರಿಂದ 1938ರ ನೈಸರ್ಗಿಕ ಅನಿಲ ಕಾಯಿದೆಯು, ಅಂತರರಾಜ್ಯ ಸಾಗಣೆಯ ದರ ನ್ಯಾಯವೂ ಸಮಂಜಸವೂ ಆಗಿರಬೇಕೆಂದು ವಿಧಿಸಿ, ಅದರ ಹೊಣೆಯನ್ನು ಫೆಡರಲ್ ಪವರ್ ಕಮಿಷನ್ನಿಗೆ ಒಪ್ಪಿಸಿತು. ಯಾವುದು ನ್ಯಾಯ? ಲೆಕ್ಕದ ವಿಧಾನವಲ್ಲ, ಅದರ ಫಲವೇ ಮುಖ್ಯವೆಂದು 1944ರ ಹೋಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಣ ಹೂಡಿದವನ ಹಿತವನ್ನೂ ಬಳಸುವವನ ಹಿತವನ್ನೂ ತೂಗಿನೋಡಬೇಕಾಯಿತು.

ಆದರೆ ಬಳಸುವವರೆಲ್ಲ ಒಂದೇ ತೆರನಲ್ಲ. ಕೊಳವೆಯ ಖರ್ಚಿನ ಬಹುಭಾಗ ನೆಲದಲ್ಲಿ ಹೂತ ಉಕ್ಕಿನದು. ಅನಿಲ ಹರಿದರೂ ಹರಿಯದಿದ್ದರೂ ಅದು ಕರಗದು. ಗೃಹಸ್ಥನಿಗೆ ಅನಿಲ ಹೆಚ್ಚಾಗಿ ಬೇಕಾಗುವುದು ಚಳಿಗಾಲದಲ್ಲಿ. ಕಾರ್ಖಾನೆ ಅದನ್ನು ವರ್ಷವಿಡೀ ಉರಿಸುತ್ತದೆ. ಅತಿ ಚಳಿಯ ದಿನಕ್ಕಾಗಿ ಕಾಯ್ದಿರಿಸಿದ ಪಾಲಿನ ಮೇಲೆ ಸುಂಕ ಹೇರಿದರೆ ಗೃಹಸ್ಥನಿಗೆ ಭಾರ. ಸಾಗಿದ ಪ್ರಮಾಣದ ಮೇಲೆ ಹೇರಿದರೆ ಕಾರ್ಖಾನೆಗೆ ಭಾರ.

1952ರ ಅಟ್ಲಾಂಟಿಕ್ ಸೀಬೋರ್ಡ್ ತೀರ್ಪಿನಲ್ಲಿ ಕಮಿಷನ್ ಈ ಸ್ಥಿರವೆಚ್ಚವನ್ನು ಎರಡರ ಮೇಲೂ ಅರ್ಧರ್ಧ ಹಂಚಿತು. ಅನಿಲದ ಅಭಾವ ತಲೆದೋರಿದ್ದ 1973ರಲ್ಲಿ, ಯುನೈಟೆಡ್ ಪ್ರಕರಣದಲ್ಲಿ, ಪ್ರಮಾಣದ ಮೇಲೆ ಮುಕ್ಕಾಲು ಪಾಲು ಬಿತ್ತು. ಕಾರ್ಖಾನೆಗಳು ಮಿತವಾಗಿ ಉರಿಸಲೆಂಬುದು ಉದ್ದೇಶ. 1977ರಲ್ಲಿ ಕಮಿಷನ್ನಿನ ಸ್ಥಾನಕ್ಕೆ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್ ಬಂದಿತು. ಅದರ 1992ರ 636ನೆಯ ಆಜ್ಞೆ ತಕ್ಕಡಿಯನ್ನು ಇನ್ನೊಂದು ಕಡೆಗೆ ವಾಲಿಸಿತು: ಸ್ಥಿರವೆಚ್ಚವೆಲ್ಲ ಕಾಯ್ದಿರಿಸಿದ ಪಾಲಿನ ಮೇಲೆ. ಬೇರೆ ಬೇರೆ ಬಾವಿಗಳ ಅನಿಲ ಸ್ವಂತ ಬೆಲೆಯಲ್ಲೇ ಸ್ಪರ್ಧಿಸಲಿ ಎಂಬುದು ಈಗಿನ ಆಶಯ. ಕೊಳವೆ ಅದೇ, ಕಾಲ ಬದಲಾದಂತೆ ನ್ಯಾಯದ ಅಳತೆ ಬದಲಾಯಿತು.

ಈ ಪ್ರಶ್ನೆ ನಮಗೂ ದೂರದ್ದಲ್ಲ. ದಾಭೋಳದ ಕೊಳವೆಮಾರ್ಗ 2013ರಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ಒಂದು ಮಾರ್ಗದಿಂದ ಇನ್ನೊಂದಕ್ಕೆ ದಾಟಿದಂತೆಲ್ಲ ಸುಂಕದ ಮೇಲೆ ಸುಂಕ ಬೀಳುತ್ತಿತ್ತು. 2023ರ ಏಪ್ರಿಲ್ 1ರಿಂದ ಒಂದಕ್ಕೊಂದು ಕೂಡಿದ ಮಾರ್ಗಗಳಿಗೆ ಏಕೀಕೃತ ಸುಂಕ ಬಂದಿತು. ದೂರದವನ ಹೊರೆಗೆ ಹತ್ತಿರದವನೂ ಹೆಗಲು ಕೊಡುವ ಏರ್ಪಾಡು ಇದು. ಎಷ್ಟು ಹೆಗಲು ಕೊಡಬೇಕೆಂಬುದನ್ನು ಗಣಿತವೊಂದೇ ಹೇಳಲಾರದು.