ಕೆರೆ ಏರಿಯ ಮೇಲೆ ಅಪ್ಪ

ಬ್ಯಾಂಕಿನ ವರ್ಗಾವಣೆಯ ಮೇಲೆ ಹೈದರಾಬಾದಿಗೆ ಬಂದವನು ನಾನು, ಇಲ್ಲಿಯವನೇ ಆಗಿಬಿಟ್ಟೆ. 1998ರಲ್ಲಿ ಊರಿಂದ ಅಪ್ಪ ಬಂದಿದ್ದರು. ಬಂದ ನೆಂಟರನ್ನೆಲ್ಲ ಕರೆದೊಯ್ಯುವಂತೆ ಅವರನ್ನೂ ಟ್ಯಾಂಕ್ ಬಂಡಿಗೆ ಕರೆದೊಯ್ದು, ಹುಸೇನ್ ಸಾಗರದ ನಡುವೆ ನಿಂತ ಬುದ್ಧನನ್ನು ತೋರಿಸಿದೆ. ಅಪ್ಪ ಹಂಪಿ ಪಕ್ಕದ ಕಮಲಾಪುರದ ಕೆರೆ ನೀರಲ್ಲಿ ಭತ್ತ ಬೆಳೆದವರು. ಬುದ್ಧನಿಗೆ ಕೈಮುಗಿದು, ಕಾಲಕೆಳಗಿನ ರಸ್ತೆ ನೋಡಿ ಕೇಳಿದರು: "ಇದು ಕೆರಿ ಏರಿ ಅಲ್ಲೇನೋ? ತೂಬು ಎಲ್ಲೈತಿ?"

ದಿನಾ ಸ್ಕೂಟರಿನಲ್ಲಿ ಓಡಾಡುತ್ತಿದ್ದ ರಸ್ತೆ ಒಂದು ಮಣ್ಣಿನ ಅಣೆಕಟ್ಟು ಅಂತ ನನಗೆ ಹೊಳೆದೇ ಇರಲಿಲ್ಲ!

ಬಿಕಾಂ ಓದಿದವನಿಗೆ ಇತಿಹಾಸ ಅಷ್ಟಕ್ಕಷ್ಟೆ. ಆಮೇಲೆ ಹುಡುಕಿ ಓದಿದೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಕಾಲದಲ್ಲಿ, 1562ರ ಸುಮಾರಿಗೆ, ಹುಸೇನ್ ಷಾ ವಲಿ ಎಂಬವರ ಉಸ್ತುವಾರಿಯಲ್ಲಿ ಕಟ್ಟಿದ ಕೆರೆಯಿದು. ಹೈದರಾಬಾದ್ ಹುಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಕೆರೆಯೇ ಹಿರಿಯದು.

ಈ ಇಬ್ರಾಹಿಂ ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ಓಡಿಬಂದು, ಸುಮಾರು ಏಳು ವರ್ಷ ಅಳಿಯ ರಾಮರಾಯನ ಆಶ್ರಯದಲ್ಲಿ ವಿಜಯನಗರದಲ್ಲಿದ್ದ. ನಮ್ಮ ಕೆರೆ ಕಾಲುವೆಗಳನ್ನು ಕಣ್ಣಾರೆ ಕಂಡೇ ಇರುತ್ತಾನೆ. ಆದರೆ 1565ರ ತಾಳಿಕೋಟೆ ಯುದ್ಧದಲ್ಲಿ ಅದೇ ರಾಮರಾಯನ ವಿರುದ್ಧ ನಿಂತವರಲ್ಲಿ ಅವನೂ ಒಬ್ಬ. ಅನ್ನದ ಋಣ ಮರೆತವನು ಕಟ್ಟಿಸಿದ ಕೆರೆ ಮಾತ್ರ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಜನರಿಗೆ ನೀರು ಕೊಟ್ಟಿತು. ಮನುಷ್ಯನನ್ನು ಯಾವ ಲೆಕ್ಕದಲ್ಲಿ ಬರೆಯುವುದು, ಜಮೆಗೋ ಖರ್ಚಿಗೋ?

1908ರ ಮೂಸಿ ಪ್ರವಾಹದಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲೇ ನೀರು ತಡೆಯಿರಿ ಎಂದರು ಅವರು. ಹಾಗೆ ಎದ್ದವು ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927). ಊರಿಗೆ ಕುಡಿಯುವ ನೀರೂ ಅಲ್ಲಿಂದ ಬರತೊಡಗಿತು. ಹುಸೇನ್ ಸಾಗರ ನಿವೃತ್ತಿಯಾಯಿತು. ಈಗ ದೋಣಿವಿಹಾರ, ಐಸ್‌ಕ್ರೀಮು, ಗಣೇಶನ ವಿಸರ್ಜನೆ.

ಕುಡಿಯದ ನೀರಿಗೆ ಕಾವಲಿಲ್ಲ. ಚರಂಡಿ ಬಂತು, ಕಾರ್ಖಾನೆಗಳ ಕೊಳೆ ಬಂತು. ಶುದ್ಧಿಗೆ ದುಡ್ಡು ಸುರಿದದ್ದೂ ಉಂಟು. ಬೇಸಿಗೆಯಲ್ಲಿ ವಾಸನೆ ಇನ್ನೂ ಮೂಗಿಗೆ ಬಡಿಯುತ್ತದೆ.

ಅಂದು ಹೊರಡುವಾಗ ಅಪ್ಪ ಮೂಗಿಗೆ ಟವೆಲ್ಲು ಹಿಡಿದು ಅಂದಿದ್ದರು: "ಏರಿ ಗಟ್ಟಿ ಐತಿ. ನೀರೇ ಕೆಟ್ಟೈತಿ."

ಅಪ್ಪ ಈಗಿಲ್ಲ. ನಿಮ್ಮೂರಿನ ಕೆರೆ ಹೇಗಿದೆ? ಈ ಸಲ ಊರಿಗೆ ಹೋದಾಗ ಒಮ್ಮೆ ಏರಿ ಹತ್ತಿ ನೋಡಿ ಬನ್ನಿ.