ಸೋಸಲೆ ಶಾಸ್ತ್ರಿಗಳ ಸಾಬೂನು

ಸೋಸಲೆ ಗರಳಪುರಿ ಶಾಸ್ತ್ರಿಗಳ ಹೆಸರು ಕೇಳಿದ್ದೀರಾ? ಸೋಸಲೆ ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ, ಗರಳಪುರಿ ಎಂದರೆ ನಂಜನಗೂಡು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಗಂಧದೆಣ್ಣೆ ತೆಗೆಯತೊಡಗಿತು. ಆ ಪರಿಮಳವನ್ನು ಸಾಬೂನಿನಲ್ಲಿ ನಿಲ್ಲಿಸಿದವರು, ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ರಸಾಯನ ವಿಜ್ಞಾನಿ ಶಾಸ್ತ್ರಿಗಳು. ಗಿಡದ ಸಂಪತ್ತಿಗೆ ವಿಜ್ಞಾನ ಕೂಡಿತ್ತು.

ಎಣ್ಣೆಗೆ ಕ್ಷಾರ ಬೆರೆತರೆ ಸಾಬೂನು. ಎರಡನೆಯ ಮಹಾಯುದ್ಧದ ನಂತರ ಪೆಟ್ರೋಲಿಯಂ ಮೂಲದ ಡಿಟರ್ಜೆಂಟ್ ಹರಡಿತು. ಗಡಸು ನೀರಿನಲ್ಲೂ ಅದು ಕೊಳೆ ತೆಗೆಯಿತು, ನಿಜ. ಆದರೆ ಮೊದಲಿನ ಬಗೆಯದನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಕೊಳೆಸಲಾರದೆ, ಹಲವು ದೇಶಗಳ ನದಿಗಳಲ್ಲಿ ನೊರೆ ನಿಂತಿತು. 1960ರ ದಶಕದಲ್ಲಿ ಬೇಗ ಕೊಳೆಯುವ ಹೊಸ ಬಗೆ ಬಂದಿತು. ಅದರ ಮೂಲವೂ ಪೆಟ್ರೋಲಿಯಮ್ಮೇ.

ಈಗ ತೆಂಗಿನೆಣ್ಣೆಯಿಂದ ಪಡೆದ ಆಲ್ಕೊಹಾಲನ್ನು ಗ್ಲೂಕೋಸಿಗೆ ಜೋಡಿಸಿ, ಆಲ್ಕೈಲ್ ಪಾಲಿಗ್ಲೂಕೋಸೈಡ್ ಎಂಬ ಸಸ್ಯಮೂಲದ ಮಾರ್ಜಕ ತಯಾರಿಸುತ್ತಾರೆ. ಅದರ ಒಂದು ತುದಿ ನೀರನ್ನು, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ನಿಮ್ಮ ಅಜ್ಜಿಯ ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಮಾಡುವುದೂ ಇದನ್ನೇ!

ಮುಂದೆ ತಿರುಮಕೂಡಲಿಗೆ ಹೋದಾಗ, ಕಪಿಲೆ ಕಾವೇರಿಯನ್ನು ಸೇರುವಲ್ಲಿ ನಿಂತು ಯೋಚಿಸಿ: ನಮ್ಮ ಮನೆಯ ಬಟ್ಟೆ ಒಗೆದ ನೀರು ಕೊನೆಗೆ ಎಲ್ಲಿ ಸೇರುತ್ತದೆ?