ಹಳೆಯ ಹಾಡು ಯಾರ ಸೊತ್ತು?

1971ರ ಅಕ್ಟೋಬರ್ 15ರ ರಾತ್ರಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐವತ್ತರ ದಶಕದ ರಾಕ್ ಅಂಡ್ ರೋಲ್ ತಾರೆಯರನ್ನು ಒಂದೇ ವೇದಿಕೆಗೆ ತಂದ ಕಾರ್ಯಕ್ರಮ. ಚಕ್ ಬೆರಿ ಇದ್ದರು, ಬೋ ಡಿಡ್ಲಿ ಇದ್ದರು. ಹದಿಹರೆಯದಲ್ಲೇ ಟಿ.ವಿ. ಮೂಲಕ ಅಮೆರಿಕದ ಮನೆಮಾತಾಗಿದ್ದ ರಿಕ್ ನೆಲ್ಸನ್ ಕೂಡ ಇದ್ದರು. ಅಭಿಮಾನಿಗಳು ನೋಡಬಂದದ್ದು ಒಪ್ಪವಾಗಿ ತಲೆ ಬಾಚಿದ ಆ ಹಳೆಯ ಹುಡುಗನನ್ನು. ವೇದಿಕೆಗೆ ಬಂದದ್ದು ಮಾತ್ರ ಉದ್ದ ಕೂದಲಿನ, ಮೂವತ್ತೊಂದು ವರ್ಷದ ಗಂಡಸು. ಕೆಲವು ಹಳೆಯ ಹಾಡುಗಳ ನಂತರ ಅವರು ರೋಲಿಂಗ್ ಸ್ಟೋನ್ಸ್ ತಂಡದ ಹಾಡೊಂದನ್ನು ಎತ್ತಿಕೊಂಡರು. ಸಭೆಯಲ್ಲಿ ಕೂಗಾಟ ಎದ್ದಿತು. ಅದು ಪೊಲೀಸರ ವಿರುದ್ಧ ಎದ್ದ ಕೂಗು ಎಂದು ಆಮೇಲೆ ಕೆಲವರು ಹೇಳಿದರು. ನೆಲ್ಸನ್ ಅದು ತಮಗೇ ಎಂದು ತಿಳಿದು ಬೇಸರದಿಂದ ವೇದಿಕೆ ಇಳಿದರು.

ಅಂದಿನಿಂದ ಇಂದಿನವರೆಗೆ ರಾಕ್ ಅಭಿಮಾನಿಗಳ ನಡುವೆ ಈ ಜಗಳ ನಿಂತಿಲ್ಲ. ವಯಸ್ಸಾದ ತಂಡಗಳು ಊರೂರು ಸುತ್ತಿ ಹಳೆಯ ಹಾಡುಗಳನ್ನೇ ಹಾಡುತ್ತಿರಬೇಕೇ? ಹಾಡಬೇಕು, ನಾವು ದುಡ್ಡು ಕೊಟ್ಟು ಬರುವುದೇ ಅದಕ್ಕೆ ಎನ್ನುವುದು ಒಂದು ಪಕ್ಷ. ಹೊಸದೇನೂ ಹೇಳಲಿಕ್ಕಿಲ್ಲದಿದ್ದರೆ ಗೌರವವಾಗಿ ಮನೆಯಲ್ಲಿರಲಿ ಎನ್ನುವುದು ಇನ್ನೊಂದು.

ಶಾಸ್ತ್ರೀಯ ಸಂಗೀತದಲ್ಲಿ ಈ ಪ್ರಶ್ನೆ ಏಳುವುದು ಕಡಿಮೆ. ತ್ಯಾಗರಾಜರ ಕೀರ್ತನೆಯನ್ನು ಯಾರೂ ‘ಹಳೇ ಹಾಡು’ ಎಂದು ಮೂಗು ಮುರಿಯುವುದಿಲ್ಲ. ವಿದ್ವಾಂಸರಿಗೆ ವಯಸ್ಸಾದಷ್ಟೂ ಗೌರವ ಹೆಚ್ಚುತ್ತದೆ. ರಾಕ್ ಹಾಗಲ್ಲ. ಅದು ಹುಟ್ಟಿದ್ದೇ ಹರೆಯದವರ ಸಂಗೀತವಾಗಿ. ಮುಪ್ಪಿನ ಯೋಚನೆ ಅಲ್ಲಿ ಯಾರಿಗೂ ಇರಲಿಲ್ಲ. ನಲವತ್ತೈದರಲ್ಲೂ 1965ರ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡುತ್ತಾ ನಿಲ್ಲುವುದಕ್ಕಿಂತ ಸಾಯುವುದೇ ಮೇಲು ಎಂಬರ್ಥದ ಮಾತನ್ನು ರೋಲಿಂಗ್ ಸ್ಟೋನ್ಸ್‌ನ ಮಿಕ್ ಜಾಗರ್ ಎಪ್ಪತ್ತರ ದಶಕದಲ್ಲಿ ಆಡಿದ್ದರೆಂದು ವರದಿಯಾಗಿತ್ತು. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅವರಿಗೆ ಐವತ್ತೊಂಬತ್ತು. 2024ರಲ್ಲಿ ಅವರ ತಂಡ ಅಮೆರಿಕ ಸುತ್ತಿದಾಗ ಪ್ರಾಯೋಜಕರಾಗಿದ್ದದ್ದು ಐವತ್ತು ದಾಟಿದವರಿಗಾಗಿಯೇ ಇರುವ ಎಎಆರ್‌ಪಿ ಸಂಸ್ಥೆ!

ಇನ್ನೊಂದು ಕಾರಣ ಧ್ವನಿಮುದ್ರಿಕೆ. ಕೀರ್ತನೆಗೆ ಇಂಥದೇ ಮೂಲ ಪ್ರತಿ ಎಂಬುದಿಲ್ಲ; ಪ್ರತಿ ಕಛೇರಿಯಲ್ಲೂ ಅದು ಹೊಸದಾಗಿ ಮೂಡುತ್ತದೆ. ರಾಕ್ ಹಾಡಿನ ಮೂಲ ಪ್ರತಿ ತಟ್ಟೆಯಲ್ಲೋ ಕ್ಯಾಸೆಟ್ಟಿನಲ್ಲೋ ಅಚ್ಚಾಗಿ ಕುಳಿತಿರುತ್ತದೆ. ಸಾವಿರ ಸಲ ಅದನ್ನು ಕೇಳಿದ ಅಭಿಮಾನಿ, ಮೈದಾನದಲ್ಲೂ ಅದೇ ಸ್ವರ, ಅದೇ ವೇಗ ನಿರೀಕ್ಷಿಸುತ್ತಾನೆ. 1988ರ ನಂತರ ಬಹುಮಟ್ಟಿಗೆ ಬಿಡುವಿಲ್ಲದೆ ಊರೂರು ಸುತ್ತಿ ಹಾಡಿದ ಬಾಬ್ ಡಿಲನ್ ತಮ್ಮ ಪ್ರಸಿದ್ಧ ಹಾಡುಗಳ ಧಾಟಿಯನ್ನೇ ಬದಲಿಸಿ ಹಾಡುತ್ತಾರೆ. ಅರ್ಧ ಹಾಡು ಮುಗಿದರೂ ಗುರುತೇ ಸಿಗುವುದಿಲ್ಲ ಎಂದು ಗೊಣಗುವವರು ಅವರ ಅಭಿಮಾನಿಗಳಲ್ಲೇ ಇದ್ದಾರೆ.

ಹಣದ ಲೆಕ್ಕವನ್ನೂ ಮರೆಯುವಂತಿಲ್ಲ. ಹಿಂದೆ ತಂಡಗಳು ಪ್ರವಾಸ ಹೊರಡುತ್ತಿದ್ದುದು ಹೊಸ ಆಲ್ಬಂ ಮಾರುವ ಸಲುವಾಗಿ. 1980ರಲ್ಲಿ ಒಡೆದುಹೋಗಿದ್ದ ಅಮೆರಿಕದ ಈಗಲ್ಸ್ ತಂಡ 1994ರಲ್ಲಿ ಮತ್ತೆ ಒಂದಾಗಿ ಪ್ರವಾಸ ಹೊರಟಾಗ ಟಿಕೆಟ್ ಬೆಲೆ ನೂರು ಡಾಲರ್ ದಾಟಿತು. ಜನ ಗೊಣಗಿದರು, ಆದರೂ ಕೊಂಡರು. 1999ರಲ್ಲಿ ನ್ಯಾಪ್‌ಸ್ಟರ್ ಬಂದ ಮೇಲೆ ಹಾಡುಗಳು ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗತೊಡಗಿ, ಮುಂದಿನ ವರ್ಷಗಳಲ್ಲಿ ಸಿ.ಡಿ. ಮಾರಾಟ ಕುಸಿಯಿತು. ಆಮೇಲೆ ಸಂಪಾದನೆ ಎಂದರೆ ಮುಖ್ಯವಾಗಿ ವೇದಿಕೆಯೇ. ವೇದಿಕೆ ಮುಂದಿನ ಜನಕ್ಕೆ ಬೇಕಾದದ್ದು ಹಳೆಯ ಹಾಡು.

ಈ ವಾದದ ಎರಡೂ ಮುಖಗಳನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ಲಂಡನ್ನಿನ ಐರನ್ ಮೇಡನ್ ತಂಡ 2006ರಲ್ಲಿ ಹೊಸ ಆಲ್ಬಂ ತಂದು, ಆ ವರ್ಷದ ಪ್ರವಾಸದಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆ ನುಡಿಸಿತು. ಹಳೆಯ ಹಾಡುಗಳಿಗೆ ಉಳಿದದ್ದು ಕೊನೆಯ ಸ್ವಲ್ಪ ಹೊತ್ತು. ಇದು ಧೈರ್ಯ ಎಂದು ಕೆಲವರು ಹೊಗಳಿದರು, ನಮ್ಮ ಹಾಡುಗಳೆಲ್ಲಿ ಎಂದು ಹಲವರು ಸಿಟ್ಟಾದರು. 2007ರ ಮಾರ್ಚ್ 17ರಂದು ತಂಡ ಮೊದಲ ಬಾರಿಗೆ ಭಾರತಕ್ಕೆ, ನಮ್ಮ ಅರಮನೆ ಮೈದಾನಕ್ಕೆ ಬರುವ ಹೊತ್ತಿಗೆ ಪಟ್ಟಿ ಬದಲಾಗಿತ್ತು. ಹೊಸ ಹಾಡುಗಳು ಅರ್ಧದಷ್ಟಾಗಿ, 1982ರ ಆಲ್ಬಮ್ಮಿನ ಹಾಡುಗಳು ಸೇರಿಕೊಂಡಿದ್ದವು. 2009ರ ಫೆಬ್ರುವರಿಯಲ್ಲಿ ಅವರು ಮತ್ತೆ ಬಂದದ್ದು ಬಹುಮಟ್ಟಿಗೆ ಎಂಬತ್ತರ ದಶಕದ ಹಾಡುಗಳ ಪ್ರವಾಸದಲ್ಲಿ. ಒಂದು ಪ್ರವಾಸ ಹೊಸ ಹಾಡಿಗೆ, ಇನ್ನೊಂದು ನೆನಪಿಗೆ ಎಂಬ ಸರದಿಯನ್ನು ತಂಡ ಹಲವು ವರ್ಷ ಪಾಲಿಸಿತು.

2007ರಲ್ಲಿ ಮೈದಾನಕ್ಕೆ ಬಂದಿದ್ದ ಅನೇಕರು ಆ ಹಳೆಯ ಆಲ್ಬಂ ಬಂದಾಗ ಹುಟ್ಟಿಯೇ ಇರಲಿಲ್ಲ. ಅಣ್ಣನದೋ ಗೆಳೆಯನದೋ ಕ್ಯಾಸೆಟ್ಟಿನಲ್ಲಿ ಆ ಹಾಡುಗಳನ್ನು ಕೇಳಿ ಬೆಳೆದವರು ಅವರು. ತಂಡಕ್ಕೆ ಹಳತಾದದ್ದನ್ನು ಎದುರು ನಿಂತು ಕೇಳುವ ಭಾಗ್ಯ ಅವರಿಗೆ ಅದೇ ಮೊದಲು. ಲಂಡನ್ನಿನಲ್ಲಿ ಹತ್ತು ಸಲ ನೋಡಿದವನು ‘ಮತ್ತೆ ಅದೇ ಹಾಡೇ’ ಎಂದು ಆಕಳಿಸಬಹುದು. ಕಾಲು ಶತಮಾನ ಕಾದ ಊರಿಗೆ ಆ ಆಕಳಿಕೆ ಅರ್ಥವಾಗದು. ಹಳೆಯ ಹಾಡು ಕೇಳುವುದು ಸೋಮಾರಿತನ ಎನ್ನುವವರು ಇದನ್ನು ನೆನಪಿಡಬೇಕು.

ಆದರೆ ಕಲಾವಿದರ ಪಾಡೂ ಇದೆಯಲ್ಲ. ರೋಲಿಂಗ್ ಸ್ಟೋನ್ಸ್ 2005ರ ನಂತರ ಸ್ವಂತ ಹೊಸ ಹಾಡುಗಳ ಆಲ್ಬಂ ತಂದದ್ದು 2023ರಲ್ಲಿ, ಹದಿನೆಂಟು ವರ್ಷಗಳ ಮೇಲೆ. ಹಳೆಯದಕ್ಕೇ ಚಪ್ಪಾಳೆ ಬೀಳುವಾಗ ಹೊಸದನ್ನು ಕಟ್ಟುವ ಅಗತ್ಯವೇನು ಎಂಬ ಪ್ರಶ್ನೆ ಯಾವ ತಂಡವನ್ನೂ ಕಾಡೀತು. ಇಂದು ನಾವು ಕೂಗಿ ಕೇಳುವ ಹಾಡುಗಳೂ ಒಂದು ದಿನ ಅಪರಿಚಿತ ಹೊಸ ಹಾಡುಗಳೇ ಆಗಿದ್ದವು. ಅಂದು ಯಾರೋ ಸಹನೆಯಿಂದ ಕೇಳಿದ್ದರಿಂದ ಅವು ಉಳಿದವು. ಎರಡು ಹೊಸ ಹಾಡಿಗೆ ಕಿವಿಗೊಡುವ ಸಹನೆಯನ್ನು ಟಿಕೆಟ್ ಕೊಂಡವರೂ ತೋರಬೇಕು.

ಮತ್ತೆ ರಿಕ್ ನೆಲ್ಸನ್ ವಿಷಯಕ್ಕೆ ಬರೋಣ. ಆ ರಾತ್ರಿಯ ನೋವನ್ನೇ ವಸ್ತುವಾಗಿಸಿ ಅವರು ‘ಗಾರ್ಡನ್ ಪಾರ್ಟಿ’ ಎಂಬ ಹಾಡು ಬರೆದರು. 1972ರಲ್ಲಿ ಅದು ಅಮೆರಿಕದ ಮೊದಲ ಹತ್ತು ಹಾಡುಗಳ ಸಾಲಿಗೆ ಏರಿತು. ಅಷ್ಟು ಎತ್ತರದ ಯಶಸ್ಸು ಮತ್ತೆ ಅವರಿಗೆ ದೊರೆಯಲಿಲ್ಲ. 1985ರ ಡಿಸೆಂಬರ್ 31ರಂದು, ಕಾರ್ಯಕ್ರಮವೊಂದನ್ನು ಮುಗಿಸಿ ಇನ್ನೊಂದಕ್ಕೆ ಹೊರಟಿದ್ದಾಗ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಹಳೆಯ ಹಾಡುಗಳ ಬೇಡಿಕೆಯಿಂದ ನೊಂದು ಬರೆದ ಆ ಹಾಡೇ ಅಷ್ಟರಲ್ಲಿ ಜನ ಕೇಳಿ ಹಾಡಿಸಿಕೊಳ್ಳುವ ಅವರ ಹಳೆಯ ಹಾಡಾಗಿತ್ತು.